ಮುಂಚಕ್ರದ ಆಲಾಪನೆ

ಹನ್ನೊಂದು ವರ್ಷ ಮೌನವ್ರತವನ್ನು ಪಾಲಿಸಿದ್ದ ನಮ್ಮ ಕಾರು, ಮುಂಚಕ್ರಗಳಿಗೆ ಹೊಸ ಬ್ರೇಕ್ ಪ್ಯಾಡುಗಳನ್ನು ತೊಡಿಸಿದ ಮರುದಿನವೇ ಚಾಮುಂಡಿ ಬೆಟ್ಟದ ಇಳಿಜಾರಿನಲ್ಲಿ, ಎಣ್ಣೆ ಕಾಣದ ಬಾಗಿಲಿಗೂ ಶ್ರುತಿ ತಪ್ಪಿದ ಪಿಟೀಲಿಗೂ ಹುಟ್ಟಿದ ಸಂತಾನದಂತೆ ಕಿರುಗುಟ್ಟತೊಡಗಿತು. ಸಂಗೀತಜ್ಞಾನದಲ್ಲಿ ಶೂನ್ಯನಾದ ನಾನು, ಈ ನಾದವು ಎಡದ್ದೋ ಬಲದ್ದೋ, ಬ್ರೇಕು ಒತ್ತಿದಾಗಿನದೋ ಬಿಟ್ಟಾಗಿನದೋ ಎಂಬ ಪರಾಮರ್ಶೆಗಾಗಿ ಕಿಟಕಿಯಿಂದ ಕತ್ತನ್ನು ಹೊರಚಾಚಲು, ಎದುರಿಗೆ ಬಂದ ಬಸ್ಸಿನ ಚಾಲಕನು ನನ್ನ ವಂಶಾವಳಿಯನ್ನು ಗಟ್ಟಿಯಾಗಿ ಪಾರಾಯಣ ಮಾಡಿದನು. “ನಿಮ್ಮ ಗೊರಕೆಗಿಂತ ವಾಸಿ, ಬ್ರೇಕು ಒತ್ತಿದರಾದರೂ ನಿಲ್ಲುತ್ತದೆ” ಎಂದಳು ನನ್ನಾಕೆ.

ಹೊಸ ಪ್ಯಾಡು ಹಳೆಯ ಡಿಸ್ಕಿಗೆ ಹೊಂದಿಕೊಳ್ಳಲು ನವದಂಪತಿಗಳಿಗೆಂಬಂತೆ ಕೆಲಕಾಲ ಬೇಕೆಂದು ಸಮಾಧಾನಪಟ್ಟುಕೊಂಡೆನು. ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಬೇರಿಂಗ್ ಹೋಗಿದೆಯೆಂದರು. ತರಕಾರಿಯವನು ದೃಷ್ಟಿದೋಷವೆಂದು ನಿರ್ಣಯಿಸಿ ನಿಂಬೆಹಣ್ಣೊಂದನ್ನು ಕೊಟ್ಟನು, ಹಣ ತೆಗೆದುಕೊಂಡೇ. ಕಟ್ಟಕಡೆಗೆ ಮೆಕ್ಯಾನಿಕ್ ಹುಡುಗನು ಚಕ್ರವನ್ನು ಕಳಚಿ, ಡಿಸ್ಕಿಗೂ ಅದರ ಹಿಂದಿನ ತೆಳುತಗಡಿಗೂ ನಡುವೆ ಸಿಲುಕಿದ್ದ, ಕಡಲೆಬೇಳೆಯಷ್ಟು ಗಾತ್ರದ ಜಲ್ಲಿಕಲ್ಲನ್ನು ಸ್ಕ್ರೂಡ್ರೈವರಿನ ತುದಿಯಿಂದ ಎಬ್ಬಿಸಿ ನನ್ನ ಅಂಗೈಯಲ್ಲಿಟ್ಟನು. ಅಂದಿನಿಂದ ಕಾರು ಪುನಃ ಮೌನಿಯಾಗಿದೆ. ನಿಂಬೆಹಣ್ಣು ಮಾತ್ರ ಒಣಗಿ ಬಂಪರಿನಲ್ಲಿ ಇನ್ನೂ ತೂಗುತ್ತಿದೆ. ಬಿಚ್ಚಲು ನನಗೆ ಧೈರ್ಯ ಸಾಲದು.