ಯಜಮಾನ್ರ ರಾತ್ರಿ ಪಾಳಿ

ಚನ್ನಗಿರಿ ಸೀಮೆಯ ಅಡಿಕೆ ಯಜಮಾನ್ರಿಗೆ ನಿದ್ದೆ ಬರುವುದಿಲ್ಲ ಎಂದರೆ ಯಾರೂ ನಂಬುವುದಿಲ್ಲ. ಏಕೆಂದರೆ ಅವರು ನಿದ್ದೆ ಮಾಡುವುದನ್ನು ಊರೆಲ್ಲ ನೋಡಿದೆ. ಮದುವೆ ಮಂಟಪದ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಸೊಸೈಟಿ ಮಹಾಸಭೆಯಲ್ಲಿ ಜಮಾ-ಖರ್ಚು ಓದುವಾಗ, ದಾವಣಗೆರೆ ಬಸ್ಸು ಸಂತೆಬೆನ್ನೂರು ಮುಟ್ಟುವ ಮೊದಲೇ. ನಿದ್ದೆ ಹತ್ತದ ಜಾಗ ಲೋಕದಲ್ಲಿ ಒಂದೇ: ಮನೆಯ ಮಂಚ. ರಾತ್ರಿ ಉಂಡು, ಎಲೆ-ಅಡಿಕೆ ಹಾಕಿ, ದಿಂಬಿಗೆ ತಲೆ ಕೊಟ್ಟರೆಂದರೆ ಅವರ ಆಫೀಸು ಬಾಗಿಲು ತೆಗೆಯಿತು.

ಮೊದಲ ಫೈಲು ರಾಶಿ ಅಡಿಕೆಯದು. 2023ರ ಜುಲೈನಲ್ಲಿ ಕ್ವಿಂಟಲ್ 55 ಸಾವಿರ ದಾಟಿದಾಗ, 60 ಆಗಲಿ ಎಂದು ಯಜಮಾನ್ರು ಮೂಟೆ ಅಲುಗಿಸಲಿಲ್ಲ. ವರ್ಷ ಮುಗಿಯುವಷ್ಟರಲ್ಲಿ ರೇಟು 50ರ ಕೆಳಗಿಳಿಯಿತು. ಆ ಮೂಟೆಗಳು ಎಂದೋ ಮಾರಿಹೋಗಿ, ದುಡ್ಡೂ ಖರ್ಚಾಗಿದೆ. ಆದರೂ ಪ್ರತಿ ರಾತ್ರಿ ಹನ್ನೊಂದಕ್ಕೆ ಯಜಮಾನ್ರು ಅವನ್ನೇ ಜುಲೈ ರೇಟಿಗೆ ಮತ್ತೊಮ್ಮೆ ಮಾರುತ್ತಾರೆ, ಬಂದ ಹಣದಲ್ಲಿ ಮನೆಗೊಂದು ಮಹಡಿ ಎತ್ತುತ್ತಾರೆ, ಮೆಟ್ಟಿಲು ಒಳಗೋ ಹೊರಗೋ ಎಂಬಲ್ಲಿ ತಮ್ಮೊಂದಿಗೆ ತಾವೇ ಜಗಳಕ್ಕೆ ಬೀಳುತ್ತಾರೆ.

ಆಮೇಲೆ ಫಸಲು ಗುತ್ತಿಗೆ ಹಿಡಿದ ಖೇಣಿದಾರ ಕೊಡಬೇಕಾದ ಬಾಕಿ. ಆಮೇಲೆ ಬೋರ್‌ವೆಲ್. ಆ ವರ್ಷದ ಬರದಲ್ಲಿ ಟ್ಯಾಂಕರ್ ನೀರು ಹೊಡೆಸಿ ತೋಟ ಉಳಿಸಿಕೊಂಡವರು ಅವರು; ತ್ರೀ ಫೇಸ್ ಕರೆಂಟು ಅಪರಾತ್ರಿ ಬರುವ ಪಾಳಿಯಲ್ಲಿ ಕಿವಿಯನ್ನು ಪೂರ್ತಿ ಮಲಗಿಸುವುದಿಲ್ಲ. ಮೊಬೈಲ್‌ನಿಂದಲೇ ಮೋಟ್ರು ಚಾಲೂ ಮಾಡುವ ಸ್ಟಾರ್ಟರ್ ಬಂದಿದೆ ನಿಜ. ಮೊದಲು ತೋಟಕ್ಕೆ ಹೋಗಿ ಮೋಟ್ರು ನೋಡಿ ಬರುತ್ತಿದ್ದವರು ಈಗ ಹಾಸಿಗೆಯಲ್ಲೇ ಕೂತು ಮೊಬೈಲ್ ನೋಡುತ್ತಾರೆ. ನೋಡಿದ ಮೇಲೆ ವಾಟ್ಸ್ಆ್ಯಪ್‌ನಲ್ಲಿ ಅಡಿಕೆ ಸೊಸೈಟಿ ತುಮ್ಕೋಸ್‌ನ ರೇಟು ಇನ್ನೊಮ್ಮೆ ನೋಡದೆ ಇಡಲಾದೀತೇ?

"ಎಷ್ಟಂತ ಹೊಳ್ಳಾಡ್ತೀರಿ? ಸುಮ್ನೆ ಮಲ್ಕಳ್ರಿ," ಎನ್ನುತ್ತಾರೆ ಮನೆಯಾಕೆ.

ಯಜಮಾನ್ರು ಎದ್ದು ಕೂತು, ನಿದ್ದೆ ಬರಲೆಂದು ಇನ್ನೊಂದು ಹೋಳು ಅಡಿಕೆ ಬಾಯಿಗೆಸೆಯುತ್ತಾರೆ. ಅಡಿಕೆಯ ಅರೆಕೊಲಿನ್ ನರಗಳನ್ನು ಎಬ್ಬಿಸಿ ಕೂರಿಸುವ ವಸ್ತು. ಬೆಳೆದವರಿಗೇ ಇದು ತಿಳಿಯದಿದ್ದರೆ ಯಾರಿಗೆ ದೂರುವುದು?

ಈ ಪಾಳಿ ಚನ್ನಗಿರಿಗಷ್ಟೇ ಮೀಸಲಲ್ಲ. ಹೊನ್ನಾಳಿಯ ಬೀಗರದು ಮೆಕ್ಕೆಜೋಳದ ಪಾಳಿ: 2025ರ ನವೆಂಬರಿನಲ್ಲಿ ಬೆಂಬಲ ಬೆಲೆ 2,400 ರೂಪಾಯಿ, ಮಾರುಕಟ್ಟೆಯಲ್ಲಿ ಕೇಳಿದ್ದು 2,000ಕ್ಕೂ ಕಡಿಮೆ. ನಡುವಿನ ದುಡ್ಡು ಎಲ್ಲಿ ಹೋಯಿತೆಂದು ಅವರು ಸೂರು ನೋಡುತ್ತ ಹುಡುಕುತ್ತಾರೆ. ಜಗಳೂರಿನವರು ತುಂಗಭದ್ರೆಯಿಂದ 57 ಕೆರೆ ತುಂಬಿಸುವ ಯೋಜನೆಯ ನೀರನ್ನು ಮಲಗಿದಲ್ಲೇ ಪೈಪಿನಿಂದ ಪೈಪಿಗೆ ಹರಿಸಿ, ತಮ್ಮೂರ ಕೆರೆಯ ಕೋಡಿ ಬೀಳಿಸಿಯೇ ಮಗ್ಗುಲಾಗುತ್ತಾರೆ. ನ್ಯಾಮತಿಯವರ ನಿದ್ದೆಗೇಡಿಗೆ ಮಾತ್ರ ಪೊಲೀಸ್ ದಾಖಲೆಯೇ ಉಂಟು. 2024ರ ಅಕ್ಟೋಬರ್ ಕೊನೆಯಲ್ಲಿ ಅಲ್ಲಿನ ಎಸ್‌ಬಿಐ ಶಾಖೆಗೆ ಕನ್ನ ಬಿದ್ದು 17 ಕೆ.ಜಿ.ಗೂ ಹೆಚ್ಚು ಚಿನ್ನ ಹೋಯಿತು. ಅದು ಸಿಕ್ಕ ಸುದ್ದಿ ಹೊರಬಿದ್ದದ್ದು 2025ರ ಮಾರ್ಚ್ ಕೊನೆಗೆ, ಸಿಕ್ಕಿದ್ದು ತಮಿಳುನಾಡಿನ ಉಸಿಲಂಪಟ್ಟಿ ಕಡೆಯ ಬಾವಿಯೊಂದರಲ್ಲಿ. ಒಡವೆ ಅಡವಿಟ್ಟವರು ಐದು ತಿಂಗಳು ಹೇಗೆ ಕಣ್ಣು ಮುಚ್ಚಿದರೋ! ಮನೆಯಾಕೆಯ ಎರಡೆಳೆ ಸರ ಚನ್ನಗಿರಿಯ ಬೇರೊಂದು ಬ್ಯಾಂಕಿನಲ್ಲಿ ಭದ್ರವಾಗಿಯೇ ಇತ್ತು. ಯಜಮಾನ್ರು ಅದಕ್ಕೂ ಒಂದು ಫೈಲು ತೆರೆದರು.

ಕೊನೆಗೆ ಡಾಕ್ಟರ ಬಳಿ ಹೋದದ್ದು ಒಂದು ಗುಳಿಗೆ ಬರೆಸಿಕೊಳ್ಳಲು. ವಾರಕ್ಕೆ ಮೂರು ರಾತ್ರಿಯಾದರೂ ಹೀಗೆ, ಮೂರು ತಿಂಗಳು ನಡೆದರೆ ಅದು ಕಾಯಿಲೆಯ ಲೆಕ್ಕಕ್ಕೆ ಬರುತ್ತದೆ ಎಂದರು ಡಾಕ್ಟರು. ಗುಳಿಗೆ ಮಾತ್ರ ಬರೆಯಲಿಲ್ಲ. ಅಮೆರಿಕದ ವೈದ್ಯರ ಕಾಲೇಜು 2016ರಲ್ಲೇ, ದೀರ್ಘಕಾಲದ ನಿದ್ರಾಹೀನತೆಗೆ ಮೊದಲು ಗುಳಿಗೆಯಲ್ಲ, ಮಲಗುವ ರೂಢಿ ಮತ್ತು ಯೋಚನೆಯ ರೀತಿ ತಿದ್ದುವ ಚಿಕಿತ್ಸೆ ಎಂದು ಹೇಳಿದೆ. ಡಾಕ್ಟರು ಹೇಳಿದ್ದೂ ಅದನ್ನೇ: ಹಗಲು ತೂಕಡಿಕೆ ಬಂದ್. ಎಷ್ಟೊತ್ತಿಗೆ ಮಲಗಿದರೂ ಏಳುವ ಹೊತ್ತು ಒಂದೇ. ಸುಮಾರು ಇಪ್ಪತ್ತು ನಿಮಿಷವಾದರೂ ನಿದ್ದೆ ಹತ್ತದಿದ್ದರೆ ಎದ್ದು ಹೊರಗೆ ಬಂದು, ತೂಕಡಿಕೆ ಬಂದಾಗಷ್ಟೇ ಮಂಚಕ್ಕೆ ಹೋಗಬೇಕು. ಮಂಚ ಎಂದರೆ ನಿದ್ದೆಯ ಜಾಗ ಎಂದು ಮೈಗೆ ಮರುಪಾಠ ಮಾಡುವ ಈ ಕ್ರಮವನ್ನು ರಿಚರ್ಡ್ ಬೂಟ್ಜಿನ್ ಎಂಬ ಮನಶ್ಶಾಸ್ತ್ರಜ್ಞರು 1972ರಲ್ಲಿ ಮುಂದಿಟ್ಟರು.

ಬೂಟ್ಜಿನ್ ಅವರಿಗೆ ನಮ್ಮ ಜಗುಲಿಗಳ ಪರಿಚಯವಿರಲಿಲ್ಲ. ಯಜಮಾನ್ರು ಎದ್ದು ಹೊರಬಂದರೆ ಎದುರುಮನೆಯವರು ಆಗಲೇ ಬೀಡಿ ಹಚ್ಚಿ ಕೂತಿದ್ದರು. "ಏನ್ ಯಜಮಾನ್ರೆ, ಇವತ್ತು ಎಷ್ಟಕ್ಕೆ ನಿಂತೈತೆ ರಾಶಿ?" ಆಫೀಸಿಗೆ ಬ್ರಾಂಚ್ ಆಫೀಸೂ ಆಯಿತು.

ಕೆಲಸಕ್ಕೆ ಬಂದದ್ದು ಸೊಸೆ ಹೇಳಿದ ಉಪಾಯ. ಅಮೆರಿಕದ ಬೇಲರ್ ವಿಶ್ವವಿದ್ಯಾಲಯದಲ್ಲಿ 57 ಮಂದಿ ತರುಣ-ತರುಣಿಯರನ್ನು ಮಲಗುವ ಮುನ್ನ ಐದು ನಿಮಿಷ ಬರೆಯಲು ಕೂರಿಸಿದ್ದರು. ಅರ್ಧ ಮಂದಿ ಬರೆದದ್ದು ಮಾಡಿ ಮುಗಿಸಿದ ಕೆಲಸ, ಉಳಿದವರು ಮುಂದೆ ಆಗಬೇಕಾದ ಕೆಲಸ. 2018ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಆಗಬೇಕಾದ್ದನ್ನು ಬರೆದವರು ಸರಾಸರಿ ಒಂಬತ್ತು ನಿಮಿಷ ಬೇಗ ನಿದ್ದೆಹೋಗಿದ್ದರು. ಪಟ್ಟಿ ಎಷ್ಟು ಬಿಡಿಬಿಡಿಯಾಗಿತ್ತೋ ಅಷ್ಟು ಬೇಗ. ಯಜಮಾನ್ರು ಗೊಬ್ಬರದ ಅಂಗಡಿಯ ಡೈರಿ ಹಿಡಿದು ಮೊದಲ ರಾತ್ರಿ ಎರಡು ಪುಟ ತುಂಬಿಸಿದರು. ಎರಡೂ ಪುಟ 2023ರ ಜುಲೈ. ಬೆಳಗಿನವರೆಗೂ ಎಚ್ಚರ.

"ಮಾವ, ಆಗಿಹೋಗಿದ್ದಲ್ಲ, ಆಗಬೇಕಾಗಿದ್ದು ಬರೀರಿ," ಎಂದಳು ಸೊಸೆ.

ಮರುರಾತ್ರಿ ಅಂಗಳದ ದೀಪದಡಿ ಕೂತು ಬರೆದರು: ಸ್ಟಾರ್ಟರ್ ಡಬ್ಬಿಯಲ್ಲಿ ಹಲ್ಲಿ ಹೊಕ್ಕಿದೆ, ಬೆಳಿಗ್ಗೆ ತೆಗೆಸುವುದು. ಖೇಣಿದಾರನಿಗೆ ಶುಕ್ರವಾರ ಫೋನ್. ಹೊನ್ನಾಳಿ ಬೀಗರಿಗೆ ಎರಡು ಚೀಲ ಕೊಡುವುದಿದೆ. ಬ್ಯಾಂಕಿನಿಂದ ಸರ ಬಿಡಿಸುವುದು, ರೇಟು 70 ಆದಮೇಲೆ. ಐದನೆಯದನ್ನು ಬರೆಯುತ್ತಾ ಪೆನ್ನು ಜಾರಿತು, ಗೊರಕೆ ಶುರುವಾಯಿತು.

ಬೆಳಿಗ್ಗೆ ಕಸ ಗುಡಿಸಲು ಬಂದ ಮನೆಯಾಕೆಗೆ ಡೈರಿ ಸಿಕ್ಕಿತು. ನಿಂತಲ್ಲೇ ಓದಿ, ನಾಲ್ಕನೆಯ ಸಾಲಿನ "ರೇಟು 70 ಆದಮೇಲೆ" ಎಂಬುದನ್ನು ಹೊಡೆದುಹಾಕಿ, ಪಕ್ಕದಲ್ಲಿ ದಪ್ಪಕ್ಷರದಲ್ಲಿ ಬರೆದರು: ಸೋಮವಾರ.