ಒಂದೇ ಡಬ್ಬಿ, ಮೂರು ಕೋಣೆ

ಗೋಡೆ ಕಟ್ಟದೆ ಕೋಣೆ ಮಾಡುವ ವಿದ್ಯೆಗೆ ನೆಟ್‌ವರ್ಕಿನಲ್ಲಿ ವಿಎಲ್ಯಾನ್ ಎಂದು ಹೆಸರು. ಕಂಪ್ಯೂಟರುಗಳನ್ನು ಜೋಡಿಸುವ ಡಬ್ಬಿ, ಅಂದರೆ ಸ್ವಿಚ್ಚು, ಒಂದೇ; ಪೋರ್ಟು 24. ಆದರೂ 10ನೇ ವಿಎಲ್ಯಾನಿನವರು ಕೂಗಿದ್ದು 20ನೆಯವರ ಕಿವಿಗೆ ಬೀಳುವುದಿಲ್ಲ. ಮಾತು ದಾಟಬೇಕಾದರೆ ನಡುವೆ ರೂಟರ್ ಬೇಕು. ಇಂಥ ಕೋಣೆಗಳಿಗೆ 4094 ನಂಬರುಗಳಿವೆ. ಕೋಲಾರ ಚಿನ್ನದ ಗಣಿಯ ಊರಾದ ರಾಬರ್ಟ್‌ಸನ್‌ಪೇಟೆಯ ಟ್ಯೂಷನ್ ಸೆಂಟರೊಂದಕ್ಕೆ ಬೇಕಾಗಿದ್ದದ್ದು ಮೂರು: ಆಫೀಸು, ಹುಡುಗರು, ಕ್ಯಾಮೆರಾ.

ಎರಡು ಮಹಡಿಯಲ್ಲಿ ಎರಡು ಸ್ವಿಚ್ಚುಗಳಿದ್ದರೆ ಅವನ್ನು ಸೇರಿಸುವ ಕೇಬಲ್ಲಿಗೆ ಟ್ರಂಕ್ ಎನ್ನುತ್ತಾರೆ. ಅದರಲ್ಲಿ ಹೋಗುವ ಫ್ರೇಮಿಗೆ, ಅಂದರೆ ಡೇಟಾದ ಕಟ್ಟಿಗೆ, ಯಾವ ಕೋಣೆಯದೆಂದು ಹೇಳುವ 4 ಬೈಟಿನ ಚೀಟಿ ಅಂಟುತ್ತದೆ; 802.1ಕ್ಯೂ ಎಂಬುದು ಆ ಚೀಟಿಯ ಕಾನೂನು. ಪುಸ್ತಕಗಳು ಪುಟಗಟ್ಟಲೆ ವಿವರಿಸುವ ಈ ಸಂಗತಿ ಗಣಿಯ ಊರಿನಲ್ಲಿ ಹಿರಿಯರಿಗೆ ಒಂದೇ ಮಾತಿಗೆ ತಿಳಿಯುತ್ತದೆ: ಶಾಫ್ಟು ಒಂದೇ, ಕೇಜು ಒಂದೇ, ಯಾವ ಲೆವೆಲ್ಲಿನಲ್ಲಿ ನಿಲ್ಲಬೇಕೆಂಬುದನ್ನು ಗಂಟೆ ಹೇಳುತ್ತದೆ. 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚಿತು. ಆ ಗಂಟೆ ಕೇಳಿದವರ ಮಕ್ಕಳು ಈಗ ಬೆಳಗಿನ ಕತ್ತಲಲ್ಲಿ ಬೆಂಗಳೂರಿನ ರೈಲು ಹತ್ತುತ್ತಾರೆ.

ಜೋಡಣೆಯ ಕ್ರಮ ಸರಳ. ಮೊದಲು ಎಲ್ಲ ಪೋರ್ಟುಗಳೂ, ಸ್ವಿಚ್ಚಿಗೆ ಆಜ್ಞೆ ಕೊಡುವ ಬಾಗಿಲೂ 1ನೇ ವಿಎಲ್ಯಾನಿನಲ್ಲಿರುತ್ತವೆ. ಬೇಕಾದವನ್ನು ಎತ್ತಿ ಬೇರೆ ಕೋಣೆಗೆ ಹಾಕಬೇಕು. 1ರಿಂದ 8ನ್ನು ಆಫೀಸಿಗೆ ಹಾಕುವಾಗ ತನ್ನ ಲ್ಯಾಪ್‌ಟಾಪು 7ರಲ್ಲಿದೆ ಎಂಬುದನ್ನು ಮರೆತವನು, ಹೊರಗೆ ನಿಂತು ಒಳಗಿನಿಂದ ಚಿಲಕ ಹಾಕಿಕೊಂಡ ಸಾಧಕ. (ಅವನು ಈ ಲೇಖಕನೇ ಎಂಬುದು ವಿಷಯಕ್ಕೆ ಅಪ್ರಸ್ತುತ.) ಪರದೆ ಮರಗಟ್ಟುತ್ತದೆ. ಸಾಧಕನು ಮೊದಲು ಕೇಬಲ್ಲನ್ನು ಶಂಕಿಸುತ್ತಾನೆ. ಕಿತ್ತು, ಊದಿ, ಮತ್ತೆ ಚುಚ್ಚುತ್ತಾನೆ. ಹಸಿರು ದೀಪ ನಗುತ್ತದೆ. ಪಿಂಗ್ ಮಾಡಿದರೆ ವಿಂಡೋಸ್ ನಾಲ್ಕು ಸಲ ಬಾಗಿಲು ತಟ್ಟಿ ಕೈಚೆಲ್ಲುತ್ತದೆ. ಆಮೇಲೆ ಶಂಕೆ ಲ್ಯಾಪ್‌ಟಾಪಿನ ಮೇಲೆ, ಅಲ್ಲಿಂದ ಕರೆಂಟಿನ ಮೇಲೆ, ಕೊನೆಗೆ ಒಂದು ಕೇಬಲ್ಲಿಗೂ ಹೆಸರು ಅಂಟಿಸದೆ ಹೋದ ಹಿಂದಿನವನ ಮೇಲೆ. (ಈ ಕೊನೆಯ ಸಿಟ್ಟು ಮಾತ್ರ ನ್ಯಾಯವಾದದ್ದು.) ಮಾಲೀಕರು ಬಾಗಿಲಲ್ಲಿ ನಿಂತು ‘ಆಯ್ತಾ?’, ‘ಆಚ್ಚಾ?’, ‘ಅಯ್ಯಿಂದಾ?’ ಎಂದು ಊರಿನ ಮೂರು ಭಾಷೆಗಳಲ್ಲಿ ಕೇಳುತ್ತಾರೆ. ಮೂರಕ್ಕೂ ಉತ್ತರ ‘ಎರಡು ನಿಮಿಷ ಸಾರ್’. ಅರ್ಧ ಗಂಟೆಯ ಮೇಲೆ ‘ಸರ್ವರ್ ಡೌನ್’ ಎಂಬ ಉತ್ತರವೂ ಹೊರಡುತ್ತದೆ. ಆ ಕಟ್ಟಡದಲ್ಲಿ ಸರ್ವರೇ ಇರಲಿಲ್ಲ.

ಪರಿಹಾರ: ಒಂಬತ್ತನೇ ಕ್ಲಾಸಿನ ಹುಡುಗನೊಬ್ಬ, ಯಾರನ್ನೂ ಕೇಳದೆ, ಸ್ವಿಚ್ಚಿನ ಪ್ಲಗ್ ಕಿತ್ತು ಮತ್ತೆ ಹಾಕುತ್ತಾನೆ. ಬದಲಾವಣೆಯನ್ನು ಸೇವ್ ಮಾಡಿರದಿದ್ದರೆ ಸ್ವಿಚ್ಚು ಎಲ್ಲವನ್ನೂ ಮರೆತು ಹಳೆಯ ಸ್ಥಿತಿಗೆ ಮರಳುತ್ತದೆ. ‘ಅದಕ್ಕೇ ಸೇವ್ ಮಾಡಿರಲಿಲ್ಲ’ ಎಂದು ಸಾಧಕನು ಗಂಭೀರವಾಗಿ ಹೇಳಬಹುದು. ಮುಂದಿನ ಸಲ ಲ್ಯಾಪ್‌ಟಾಪನ್ನು 24ರಲ್ಲಿ ಚುಚ್ಚಿ, ಆ ಒಂದನ್ನು ಯಾವ ಕೋಣೆಗೂ ಹಾಕದೆ, ಉಳಿದವನ್ನು ಹಂಚಿ, ಕೊನೆಗೆ ಸೇವ್ ಮಾಡತಕ್ಕದ್ದು.