ಬೆನ್ನಿನ ಭಾರ ಮೇಜಿನ ಮೇಲೆ ತೀರ್ಮಾನವಾಗುತ್ತದೆ

ಗೆ,
ರಕ್ಷಣಾ ಸಚಿವಾಲಯದಲ್ಲಿ ಸೈನಿಕರ ಆಯುಧ ಮತ್ತು ಸಾಮಗ್ರಿ ಖರೀದಿಯ ಕಡತ ನೋಡುವ ಅಧಿಕಾರಿಗಳಿಗೆ,
ನವದೆಹಲಿ

ವಿಷಯ: ವಿಶೇಷ ಪಡೆಗಳ ಯೋಧರು ಹೊರುವ ತೂಕದ ಬಗ್ಗೆ

ಮಾನ್ಯರೇ,

ಈ ಪತ್ರವನ್ನು ಬೆಂಗಳೂರಿನಿಂದ ಬರೆಯುತ್ತಿದ್ದೇನೆ. ಪ್ಯಾರಾಶೂಟ್ ರೆಜಿಮೆಂಟಿನ ತರಬೇತಿ ಕೇಂದ್ರ 1992ರಲ್ಲಿ ಆಗ್ರಾದಿಂದ ಈ ಊರಿಗೆ ಬಂತು. ಸೇನೆಯ ವಿಶೇಷ ಪಡೆಯಾದ ಪ್ಯಾರಾ ಎಸ್‌ಎಫ್ ಈ ರೆಜಿಮೆಂಟಿಗೇ ಸೇರಿದ್ದು. ಕಮಾಂಡೊ ಕೋರ್ಸು ನಡೆಯುವುದು ನಮ್ಮ ಬೆಳಗಾವಿಯಲ್ಲಿ. ಹಾಗಾಗಿ ಪ್ಯಾರಾ ಪಡೆಯ ಮರೂನ್ ಟೋಪಿಯವರು ಕನ್ನಡ ನಾಡಿಗೆ ದೂರದವರಲ್ಲ, ಅವರ ಬಗ್ಗೆ ಮಾತಾಡುವ ಹಕ್ಕು ನಮಗೂ ಇದೆ ಎಂದು ನಂಬಿದ್ದೇನೆ.

2016ರ ಸೆಪ್ಟೆಂಬರ್ 29ರಂದು ಗಡಿ ನಿಯಂತ್ರಣ ರೇಖೆಯಾಚೆಗಿನ ದಾಳಿಯ ಸುದ್ದಿ ಹೊರಬಿದ್ದಾಗ ದೇಶಕ್ಕೆ ದೇಶವೇ ಬಂದೂಕುಗಳ ಹೆಸರು ಕಲಿಯಿತು. ಅಮೆರಿಕದ ಎಂ4 ಕಾರ್ಬೈನ್, ಇಸ್ರೇಲಿನ ಟವೋರ್ ಮತ್ತು ಗಲಿಲ್ ಸ್ನೈಪರ್, ಹೆಗಲ ಮೇಲಿಟ್ಟು ಶೆಲ್ ಹಾರಿಸುವ ಸ್ವೀಡನ್ನಿನ ಕಾರ್ಲ್ ಗುಸ್ತಾಫ್. ಟಿವಿಯಲ್ಲಿ ಇವುಗಳ ಚಿತ್ರ ಬಂತು, ಎಷ್ಟು ದೂರ ಹೊಡೆಯುತ್ತವೆ ಎಂಬ ಲೆಕ್ಕ ಬಂತು. ಇಷ್ಟನ್ನೂ ಹೊತ್ತುಕೊಂಡು ಕತ್ತಲಲ್ಲಿ ಗುಡ್ಡ ಹತ್ತಿ ಇಳಿದು, ಬೆಳಕು ಹರಿಯುವ ಮುಂಚೆ ವಾಪಸು ಬರಬೇಕಾದವನ ಮೈಮೇಲೆ ಒಟ್ಟು ಎಷ್ಟು ಕಿಲೊ ಇತ್ತು ಎಂದು ಯಾರೂ ಕೇಳಲಿಲ್ಲ. ಆ ಪ್ರಶ್ನೆಗೆ ಉತ್ತರ ಕೊಡಬೇಕಾದವರು ನೀವು, ಏಕೆಂದರೆ ಆ ತೂಕ ತೀರ್ಮಾನವಾಗುವುದು ನಿಮ್ಮ ಮೇಜಿನ ಮೇಲೆ.

ಒಮ್ಮೆ ಕೂಡಿಸಿ ನೋಡೋಣ. ಟವೋರ್ ಬಂದೂಕು ಬರಿದಾಗಿದ್ದಾಗ ಮೂರೂಕಾಲು ಕಿಲೊ ಚಿಲ್ಲರೆ. ಮೂವತ್ತು ಗುಂಡು ತುಂಬಿದ ಒಂದು ಮ್ಯಾಗಜೀನ್ ಅರ್ಧ ಕಿಲೊ; ಬಂದೂಕಿನಲ್ಲೊಂದು, ಎದೆಯ ಪೌಚುಗಳಲ್ಲಿ ಆರು ಎಂದರೆ ಮೂರೂವರೆ ಕಿಲೊ ಆಯಿತು. ಎದೆಗೊಂದು, ಬೆನ್ನಿಗೊಂದು ಸೆರಾಮಿಕ್ ಫಲಕ ಇಟ್ಟ ಗುಂಡು ನಿರೋಧಕ ಜಾಕೆಟ್ ಎಂಟರಿಂದ ಹತ್ತು ಕಿಲೊ. ಹೆಲ್ಮೆಟ್ ಒಂದೂವರೆ. ಆ ಹೆಲ್ಮೆಟ್ಟಿನ ಮುಂದೆ ಕತ್ತಲಲ್ಲಿ ನೋಡುವ ಕನ್ನಡಕ ಸಿಕ್ಕಿಸಿದರೆ ಇನ್ನೂ ಸುಮಾರು ಅರ್ಧ ಕಿಲೊ ಹಣೆಯ ಮೇಲೆ ಜೋತುಬೀಳುತ್ತದೆ. ಗಂಟೆಗಟ್ಟಲೆ ತಲೆ ಮುಂದಕ್ಕೆ ವಾಲಿ ಕತ್ತು ಹಿಡಿದುಕೊಳ್ಳುತ್ತದೆಂದು ಅದನ್ನು ಸರಿದೂಗಿಸಲು ಹೆಲ್ಮೆಟ್ಟಿನ ಹಿಂಭಾಗಕ್ಕೆ ಬ್ಯಾಟರಿಯ ಪೆಟ್ಟಿಗೆಯನ್ನೋ ತೂಕದ ಬಿಲ್ಲೆಗಳನ್ನೋ ಕಟ್ಟುತ್ತಾರೆ. ಒಂದು ಭಾರ ತಡೆಯಲು ಇನ್ನೊಂದು ಭಾರ. ಆಮೇಲೆ ಗ್ರೆನೇಡು, ವೈರ್‌ಲೆಸ್ ಸೆಟ್ಟು, ಅದರ ಬದಲಿ ಬ್ಯಾಟರಿ, ಗಾಯಕ್ಕೆ ಕಟ್ಟುವ ಪಟ್ಟಿ, ಹಗ್ಗ, ಊಟ. ನೀರು ಲೀಟರಿಗೊಂದು ಕಿಲೊ, ಅದನ್ನು ಹಗುರ ಮಾಡುವ ತಂತ್ರಜ್ಞಾನ ಯಾವ ದೇಶದಲ್ಲೂ ಇಲ್ಲ. ತಂಡದಲ್ಲಿ ಯಾರೋ ಒಬ್ಬ ಕಾರ್ಲ್ ಗುಸ್ತಾಫ್ ಹೊರಬೇಕು; ಅದರ ಎಂ3 ಮಾದರಿ ಸುಮಾರು ಹತ್ತು ಕಿಲೊ. ಅದರ ಒಂದೊಂದು ಶೆಲ್ಲೂ ಸುಮಾರು ಮೂರು ಕಿಲೊ, ಅವನ್ನು ಹಂಚಿಕೊಂಡು ಹೊರಬೇಕು.

ಈ ಲೆಕ್ಕವನ್ನು ತಕ್ಕಡಿ ಹಿಡಿದೇ ಮಾಡಿದವರಿದ್ದಾರೆ. 2003ರಲ್ಲಿ ಅಫ್ಘಾನಿಸ್ತಾನದಲ್ಲಿದ್ದ ಅಮೆರಿಕದ 82ನೇ ಏರ್‌ಬೋರ್ನ್ ಡಿವಿಷನ್ನಿನ ಸೈನಿಕರನ್ನು ಕಾರ್ಯಾಚರಣೆಯ ನಡುವೆಯೇ ತೂಗಲಾಯಿತು. ಅವರು ವಿಶೇಷ ಪಡೆಯವರಲ್ಲ, ಪ್ಯಾರಾಶೂಟ್ ಪದಾತಿಗಳು. ಬಂದೂಕು ಹಿಡಿದು ಹೋರಾಡುವಾಗಲೇ ಸಾಮಾನ್ಯ ಸಿಪಾಯಿಯ ಮೈಮೇಲೆ 28 ಕಿಲೊಗೂ ಹೆಚ್ಚಿತ್ತು. ಪಿಟ್ಟು ಎನ್ನುವ ಬೆನ್ನುಚೀಲ ಏರಿಸಿ ನಡೆಯುವಾಗ ಅದು ಸುಮಾರು 46 ಕಿಲೊ, ಹೆಚ್ಚುಕಡಿಮೆ ಒಂದು ಸಿಮೆಂಟ್ ಮೂಟೆ. ಅನಿವಾರ್ಯ ಸಂದರ್ಭಗಳಲ್ಲಿ 60 ಕಿಲೊ. ಅವರ ಸೇನೆಯ ಕೈಪಿಡಿಯೇ ಹಾಕಿಕೊಟ್ಟ ಮಿತಿ ಹೋರಾಟಕ್ಕೆ 22 ಕಿಲೊ, ನಡಿಗೆಗೆ 33 ಕಿಲೊ ಆಗಿತ್ತು. ಎಂದರೆ ಜಗತ್ತಿನ ಅತಿ ಶ್ರೀಮಂತ ಸೇನೆಯೂ ತನ್ನದೇ ಮಿತಿಯನ್ನು ತಾನೇ ಮೀರಿತ್ತು. ಆದರೆ ಅವರು ತೂಗಿದರು, ಬರೆದಿಟ್ಟರು, ಎಲ್ಲರಿಗೂ ಓದಲು ಕೊಟ್ಟರು. ನನಗೆ ಇಲ್ಲಿ ದೊಡ್ಡದಾಗಿ ಕಾಣುವುದು ಅದು.

ಭಾರ ಜಾಸ್ತಿಯಾದರೆ ಸೊಂಟ, ಮಂಡಿ ಸವೆಯುತ್ತವೆ ಎಂಬುದಷ್ಟೇ ಸಮಸ್ಯೆಯಲ್ಲ. 1991ರ ಜನವರಿಯಲ್ಲಿ ಬ್ರಿಟನ್ನಿನ ವಿಶೇಷ ಪಡೆಯಾದ ಎಸ್‌ಎಎಸ್‌ನ ಎಂಟು ಮಂದಿ ಇರಾಕಿನೊಳಗೆ ಇಳಿದರು. ತಂಡದ ಗುಪ್ತನಾಮ ಬ್ರಾವೊ ಟೂ ಝೀರೊ. ವಾಹನ ಬೇಡವೆಂದು ಬಿಟ್ಟು, ದಿನಗಟ್ಟಲೆ ಅಡಗಿ ಕೂರಲು ಬೇಕಾದ ಗುಂಡು, ಸ್ಫೋಟಕ, ರೇಡಿಯೊ, ನೀರು, ಎಲ್ಲವನ್ನೂ ಮೈಮೇಲೇ ಹೇರಿಕೊಂಡಿದ್ದರು. ತಲಾ 95 ಕಿಲೊ ಇತ್ತೆಂದು ಬದುಕುಳಿದವರಲ್ಲಿ ಒಬ್ಬರು ಬರೆದಿದ್ದಾರೆ. ಶತ್ರುವಿನ ಕಣ್ಣಿಗೆ ಬಿದ್ದೊಡನೆ ಆ ಭಾರ ಹೊತ್ತು ಓಡುವುದು ಯಾರಿಂದಲೂ ಆಗುವಂಥದ್ದಾಗಿರಲಿಲ್ಲ. ಬೆನ್ನುಚೀಲಗಳನ್ನು ಅಲ್ಲೇ ಕಳಚಿ ಎಸೆದು ಓಡಿದರು. ಆ ವರ್ಷ ಅಲ್ಲಿನ ಮರುಭೂಮಿಯಲ್ಲಿ ಹಿಮ ಬಿದ್ದಿತ್ತು. ಎಂಟರಲ್ಲಿ ಮೂವರು ಸತ್ತರು, ಅವರಲ್ಲಿ ಇಬ್ಬರನ್ನು ಕೊಂದದ್ದು ಗುಂಡಲ್ಲ, ಚಳಿ. ನಾಲ್ವರು ಸೆರೆ ಸಿಕ್ಕರು. ಒಬ್ಬ ಮಾತ್ರ ನಡೆದೇ ಸಿರಿಯಾದ ಗಡಿ ದಾಟಿದ. ಹೊರಲಾಗದಷ್ಟು ಕೊಟ್ಟು ಕಳಿಸಿದರೆ, ಬೇಕಾದ ಹೊತ್ತಿಗೆ ಬೇಕಾದ್ದನ್ನೂ ಸೇರಿಸಿ ಎಲ್ಲವನ್ನೂ ಬಿಟ್ಟು ಓಡುವ ಗತಿ ಬರುತ್ತದೆ.

ಇದರ ಇನ್ನೊಂದು ಮುಖ 1993ರ ಅಕ್ಟೋಬರಿನಲ್ಲಿ ಸೊಮಾಲಿಯದ ಮೊಗದಿಶುವಿನಲ್ಲಿ ನಡೆದ ಕಾಳಗ. ಒಂದು ಗಂಟೆಯಲ್ಲಿ ಮುಗಿಯುವ ಹಗಲಿನ ಕೆಲಸವೆಂದು ಹೇಳಿದ್ದರಿಂದ ಅಮೆರಿಕದ ರೇಂಜರ್‌ಗಳಲ್ಲಿ ಅನೇಕರು ಇರುಳುಗನ್ನಡಕವನ್ನು ಶಿಬಿರದಲ್ಲೇ ಬಿಟ್ಟರು, ಕೆಲವರು ನೀರನ್ನೂ ಕಡಿಮೆ ಮಾಡಿಕೊಂಡರು. ಕಾಳಗ ಮರುದಿನ ಬೆಳಗಿನವರೆಗೂ ನಡೆಯಿತು, ಅಮೆರಿಕದ 18 ಸೈನಿಕರು ಸತ್ತರು. ಸೈನಿಕ ಬೇಕೆಂದೇ ಏನನ್ನಾದರೂ ಬಿಟ್ಟು ಹೋಗುವುದು ಸೋಮಾರಿತನದಿಂದಲ್ಲ. ಹೊರೆ ಮೊದಲೇ ಜಾಸ್ತಿಯಿರುವುದರಿಂದ ಅವನು ದಿನಾ ಇದೇ ಲೆಕ್ಕ ಹಾಕುತ್ತಿರುತ್ತಾನೆ: ಇದು ತೆಗೆದರೆ ಏನಾಗಬಹುದು, ಅದು ತೆಗೆದರೆ ಏನಾಗಬಹುದು. ಒಂದೊಂದು ಸಾಮಾನನ್ನೂ ನೂರಿನ್ನೂರು ಗ್ರಾಂ ಹಗುರ ಮಾಡಿಸುವವರು ಅವನಿಗೆ ಈ ಜೂಜಿನಿಂದ ಅಷ್ಟರ ಮಟ್ಟಿಗೆ ಬಿಡುಗಡೆ ಕೊಡುತ್ತಾರೆ.

ಈಗ ನಮ್ಮ ಮನೆಯ ಮಾತಿಗೆ ಬರುತ್ತೇನೆ.

ನಮ್ಮ ಸೈನಿಕರು ಕಾಶ್ಮೀರದಲ್ಲಿ ವರ್ಷಗಟ್ಟಲೆ ತಲೆಗೆ ಕಟ್ಟಿಕೊಂಡದ್ದು ಗುಂಡು ನಿರೋಧಕ ಪಟ್ಕಾ. ಹಣೆಯನ್ನೂ ತಲೆಯ ಸುತ್ತಲನ್ನೂ ಬಳಸುವ ಉಕ್ಕಿನ ಪಟ್ಟಿ, ತೂಕ ಸುಮಾರು ಎರಡೂವರೆ ಕಿಲೊ. ಎದುರಿನಿಂದ ಬರುವ ಎಕೆ ಗುಂಡನ್ನು ತಡೆದು ಅದು ಎಷ್ಟೋ ಜೀವ ಉಳಿಸಿದೆ, ಅದರ ಬಗ್ಗೆ ಹಗುರವಾಗಿ ಮಾತಾಡಬಾರದು. ಆದರೆ ನೆತ್ತಿ ತೆರೆದೇ ಇತ್ತು. ಮಹಡಿ ಮೇಲಿನಿಂದಲೋ ಗುಡ್ಡದ ತುದಿಯಿಂದಲೋ ಹಾರಿಸಿದವನಿಗೆ ಆ ಜಾಗ ಕಾಣುತ್ತಿತ್ತು. 1.58 ಲಕ್ಷ ಹೊಸ ಹೆಲ್ಮೆಟ್ಟುಗಳಿಗೆ ಕಾನ್ಪುರದ ಕಂಪನಿಯೊಂದಿಗೆ ಒಪ್ಪಂದವಾದ ಸುದ್ದಿ ಬಂದದ್ದು 2017ರಲ್ಲಿ.

ಜಾಕೆಟ್ಟಿನ ಕಥೆ ಇದಕ್ಕಿಂತ ನೋವಿನದು. 1.86 ಲಕ್ಷ ಜಾಕೆಟ್ ಬೇಕೆಂಬ ಬೇಡಿಕೆ 2009ರದು. ಬಂದ ಮಾದರಿಗಳು ಪರೀಕ್ಷೆಯಲ್ಲಿ ಬಿದ್ದವು, ಕಡತ ಮತ್ತೆ ಮೊದಲಿನಿಂದ ಹೊರಟಿತು. 2016ರಲ್ಲಿ ತುರ್ತೆಂದು 50,000 ಜಾಕೆಟ್ಟುಗಳನ್ನು ಮಾಡಿಕೊಡಲು ಬೆಂಗಳೂರಿನ ಟಾಟಾ ಅಡ್ವಾನ್ಸ್ಡ್ ಮೆಟೀರಿಯಲ್ಸ್‌ಗೆ ಹೇಳಲಾಯಿತು. ಮೂಲ ಬೇಡಿಕೆಯ ಒಪ್ಪಂದಕ್ಕೆ ಸಹಿ ಬಿದ್ದದ್ದು 2018ರ ಏಪ್ರಿಲಿನಲ್ಲಿ, 639 ಕೋಟಿ ರೂಪಾಯಿಗೆ. ಒಂಬತ್ತು ವರ್ಷ. ಅಷ್ಟರಲ್ಲಿ ಇಪ್ಪತ್ತನೇ ವಯಸ್ಸಿನಲ್ಲಿ ಸೇರಿದ ಹುಡುಗ ಹವಾಲ್ದಾರನಾಗುವ ಹೊತ್ತಿಗೆ ಬಂದಿರುತ್ತಾನೆ, ಬದುಕಿದ್ದರೆ.

ಬಂದೂಕಿನ ವಿಷಯದಲ್ಲೂ ಹೀಗೇ. ನಮ್ಮ ಸೇನೆಯ ಇನ್ಸಾಸ್ ರೈಫಲ್ ನಾಲ್ಕು ಕಿಲೊ ದಾಟುತ್ತದೆ. 1999ರ ಕಾರ್ಗಿಲ್ ಚಳಿಯಲ್ಲಿ ಅದರ ಪ್ಲಾಸ್ಟಿಕ್ ಮ್ಯಾಗಜೀನ್ ಬಿರುಕು ಬಿಡುತ್ತಿತ್ತೆಂಬ ದೂರು ಎಲ್ಲರಿಗೂ ಗೊತ್ತಿರುವಂಥದ್ದು. ಒಂದೇ ಬಂದೂಕಿಗೆ ನಳಿಗೆ ಬದಲಿಸಿ ಎರಡು ಬಗೆಯ ಗುಂಡು ಹಾರಿಸುವ ರೈಫಲ್ ಬೇಕೆಂದು 2011ರಲ್ಲಿ ಟೆಂಡರ್ ಕರೆದಿರಿ, 2015ರಲ್ಲಿ ಕೈಬಿಟ್ಟಿರಿ. ಎರಡನೇ ನಳಿಗೆಯನ್ನು ಯಾರ ಬೆನ್ನಿನ ಮೇಲೆ ಹೊರಿಸುತ್ತೇವೆ ಎಂಬ ಪ್ರಶ್ನೆ ಮೊದಲ ಸಭೆಯಲ್ಲೇ ಎದ್ದಿದ್ದರೆ ಆ ನಾಲ್ಕು ವರ್ಷ ಉಳಿಯುತ್ತಿತ್ತು. ಹತ್ತಿರದ ಕಾಳಗಕ್ಕೆ ಬೇಕಾದ ಕಾರ್ಬೈನನ್ನು 2018ರಲ್ಲಿ ಯುಎಇಯ ಕಂಪನಿಯಿಂದ ಆರಿಸಿ 2020ರಲ್ಲಿ ರದ್ದು ಮಾಡಲಾಯಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ವಿನ್ಯಾಸಗೊಂಡ ಸ್ಟರ್ಲಿಂಗ್ ಕಾರ್ಬೈನಿನ ಜಾಗಕ್ಕೆ ಬರಬೇಕಾಗಿದ್ದ ಆಯುಧ ಅದು.

ವಿಶೇಷ ಪಡೆಗೆ ಒಳ್ಳೆಯದನ್ನೇ ಮೊದಲು ಕೊಡುತ್ತೇವಲ್ಲ ಎಂದು ನೀವು ಹೇಳಬಹುದು. ಹೌದು, 2002ರಲ್ಲೇ ಸುಮಾರು 3,000 ಟವೋರ್‌ಗಳಿಗೆ ಬೇಡಿಕೆ ಕೊಟ್ಟದ್ದು ಅವರಿಗಾಗಿಯೇ. ಆದರೆ ಆಯುಧ ಒಂಟಿಯಾಗಿ ಕೆಲಸ ಮಾಡುವುದಿಲ್ಲ. 2008ರ ನವೆಂಬರ್ 26ರ ರಾತ್ರಿ ಮುಂಬೈ ಹೊತ್ತಿ ಉರಿಯುವಾಗ ಮಾನೇಸರದಲ್ಲಿದ್ದ ಎನ್‌ಎಸ್‌ಜಿ ಕಮಾಂಡೊಗಳ ಕೈಯಲ್ಲಿ ಜರ್ಮನಿಯ ಎಂಪಿ5 ಇತ್ತು. ಅವರನ್ನು ಕರೆದೊಯ್ಯಬೇಕಾದ ದೊಡ್ಡ ವಿಮಾನ ಚಂಡೀಗಢದಲ್ಲಿತ್ತು. ಅವರು ಹೋಟೆಲುಗಳನ್ನು ಮುಟ್ಟುವಷ್ಟರಲ್ಲಿ ಬೆಳಗಾಗಿತ್ತು. ಬೆಂಗಳೂರಿನಲ್ಲಿ ಬೆಳೆದ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಆ ತಂಡದಲ್ಲಿದ್ದರು, ತಾಜ್‌ನಲ್ಲಿ ಪ್ರಾಣ ಕೊಟ್ಟರು. ಮುಂಬೈ, ಚೆನ್ನೈ, ಕೋಲ್ಕತ್ತ, ಹೈದರಾಬಾದುಗಳಲ್ಲಿ ಎನ್‌ಎಸ್‌ಜಿ ನೆಲೆಗಳು ಬಂದದ್ದು ಅದರ ಮರುವರ್ಷ. ಸಾವಿನ ನಂತರ ಬೇಗ ಆಗುವ ಕೆಲಸ ಸಾವಿನ ಮುಂಚೆ ಏಕೆ ಆಗುವುದಿಲ್ಲ ಎಂದು ಕೇಳುವುದು ತಪ್ಪಲ್ಲವಷ್ಟೆ?

ನಿಮ್ಮ ಕಷ್ಟ ನನಗೆ ತಿಳಿಯದ್ದೇನಲ್ಲ. 1987ರಲ್ಲಿ ಬೋಫೋರ್ಸ್ ಹಗರಣ ಸಿಡಿದ ಮೇಲೆ ರಕ್ಷಣಾ ಕಡತಕ್ಕೆ ಸಹಿ ಹಾಕುವ ಪ್ರತಿಯೊಬ್ಬನಿಗೂ ನಾಳೆ ವಿಚಾರಣೆಯಾದೀತೆಂಬ ಅಂಜಿಕೆ ಹತ್ತಿತು. ಕಾರ್ಗಿಲ್ ಗುಡ್ಡಗಳಲ್ಲಿ ಕೈಹಿಡಿದದ್ದು ಅದೇ ಬೋಫೋರ್ಸ್ ತೋಪು ಎಂಬುದೂ ನಿಜ, ಹಗರಣದ ಪ್ರಶ್ನೆಗಳು ನ್ಯಾಯವಾದವು ಎಂಬುದೂ ನಿಜ. ಕಳಪೆ ಜಾಕೆಟ್ ಕೊಳ್ಳುವುದು ತಡವಾಗಿ ಕೊಳ್ಳುವುದಕ್ಕಿಂತ ಕೆಟ್ಟದ್ದು, ಪರೀಕ್ಷೆ ಬಿಗಿಯಾಗಿಯೇ ಇರಬೇಕು. ನಾನು ನಿಯಮ ಸಡಿಲಿಸಿ ಎನ್ನುತ್ತಿಲ್ಲ. ಸಹಿ ಹಾಕಿದವನನ್ನು ಪ್ರಶ್ನಿಸುವ ನಮ್ಮ ವ್ಯವಸ್ಥೆ, ಸಹಿ ಹಾಕದೆ ಕಡತ ತಿರುಗಿಸಿದವನನ್ನು ಯಾವತ್ತೂ ಪ್ರಶ್ನಿಸುವುದಿಲ್ಲ. ಆ ವಿಳಂಬದ ಬೆಲೆ ತೆತ್ತವರ ಹೆಸರು ಬೇರೆ ಪಟ್ಟಿಯಲ್ಲಿರುತ್ತದೆ.

ಅಮೆರಿಕ 1987ರಲ್ಲಿ ತನ್ನ ವಿಶೇಷ ಪಡೆಗಳನ್ನೆಲ್ಲ ಒಂದು ಕಮಾಂಡಿನಡಿ ತಂದಾಗ ಅದಕ್ಕೆ ಸ್ವಂತ ಬಜೆಟ್ಟನ್ನೂ, ತನಗೆ ಬೇಕಾದ ವಿಶೇಷ ಸಾಮಗ್ರಿಯನ್ನು ತಾನೇ ಕೊಳ್ಳುವ ಅಧಿಕಾರವನ್ನೂ ಕಾನೂನಿನ ಮೂಲಕವೇ ಕೊಟ್ಟಿತು. 1980ರಲ್ಲಿ ಇರಾನಿನ ಮರುಭೂಮಿಯಲ್ಲಿ ಒತ್ತೆಯಾಳುಗಳನ್ನು ಬಿಡಿಸಲು ಹೋಗಿ ಎಂಟು ಮಂದಿಯನ್ನು ಕಳೆದುಕೊಂಡು ಕಲಿತ ಪಾಠ ಅದರ ಹಿಂದಿತ್ತು. ನಾವು 2019ರಲ್ಲಿ ಮೂರೂ ಪಡೆಗಳ ವಿಶೇಷ ಯೋಧರನ್ನು ಸೇರಿಸಿ ಒಂದು ಡಿವಿಷನ್ ಕಟ್ಟಿದೆವು. ಅದರ ಕೈಗೂ ಅಂಥದೇ ಹಣ, ಅಂಥದೇ ಅಧಿಕಾರ ಬರಬೇಕು. ಕೆಲವು ಸಾವಿರ ಜನರಿಗೆ ಬೇಕಾದ ಇರುಳುಗನ್ನಡಕವೂ ಹತ್ತು ಲಕ್ಷ ಸೈನಿಕರ ರೈಫಲ್ಲೂ ಒಂದೇ ಸರತಿಯಲ್ಲಿ ನಿಲ್ಲಬಾರದು.

ಮಾಡಬಲ್ಲವರು ದೇಶದೊಳಗೇ ಇದ್ದಾರೆ. ಸೈನಿಕರ ರಕ್ಷಣಾ ಉಡುಪು, ಉಸಿರಾಟದ ಸಾಧನಗಳ ಮೇಲೆ ಕೆಲಸ ಮಾಡುವ, ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಡೆಬೆಲ್ ಪ್ರಯೋಗಾಲಯ ಬೆಂಗಳೂರಿನ ಸಿ.ವಿ. ರಾಮನ್ ನಗರದಲ್ಲಿದೆ. ಡಿಆರ್‌ಡಿಒ ಮತ್ತು ದೆಹಲಿಯ ಐಐಟಿ ಸೇರಿ 2024ರಲ್ಲಿ ತೋರಿಸಿದ ‘ಅಭೇದ್’ ಜಾಕೆಟ್ ರಕ್ಷಣೆಯ ಮಟ್ಟಕ್ಕೆ ತಕ್ಕಂತೆ 8.2 ಮತ್ತು 9.5 ಕಿಲೊಗೆ ಇಳಿದಿದೆ. ವಿಜ್ಞಾನಿ ವರ್ಷಗಟ್ಟಲೆ ದುಡಿದು ಉಳಿಸಿದ ಒಂದು ಕಿಲೊ, ಕಡತದ ಅಲೆದಾಟದಲ್ಲಿ ಇನ್ನೊಂದು ಒಂಬತ್ತು ವರ್ಷ ಕಾಯದಿರಲಿ.

ಹಾಗಾಗಿ ನನ್ನ ಬಿನ್ನಹ ಇಷ್ಟು. ಇನ್ನು ಮುಂದೆ ಯಾವುದೇ ಸಾಮಗ್ರಿಯ ಕಡತದಲ್ಲಿ ಆ ವಸ್ತುವಿನ ತೂಕದ ಪಕ್ಕದಲ್ಲೇ, ಅದು ಸೇರಿದ ಮೇಲೆ ಯೋಧನ ಮೈಮೇಲಿನ ಒಟ್ಟು ತೂಕ ಎಷ್ಟಾಗುತ್ತದೆ ಎಂದು ಬರೆಸಿ. ಮಿತಿ ಮೀರಿದರೆ ಯಾವುದನ್ನು ತೆಗೆಯುತ್ತೀರಿ ಎಂಬುದನ್ನೂ ಬರೆಸಿ. ಬೇಡಿಕೆ ಬಂದ ದಿನ, ಒಪ್ಪಂದವಾದ ದಿನ, ಮಾಲು ಪಡೆಯ ಕೈಸೇರಿದ ದಿನ, ಈ ಮೂರನ್ನೂ ಪ್ರತಿವರ್ಷ ಸಂಸತ್ತಿನ ಮುಂದಿಡಿ; ಟೆಂಡರ್ ರದ್ದಾದರೆ ಕಾರಣವನ್ನೂ ಇಡಿ. ಗುಟ್ಟಾಗಿರಬೇಕಾದ ಕೆಲವು ಖರೀದಿಗಳಿರುತ್ತವೆ, ಒಪ್ಪುತ್ತೇನೆ. ಜಾಕೆಟ್ಟು, ಹೆಲ್ಮೆಟ್ಟು, ಬೂಟಿನ ವಿಳಂಬದಲ್ಲಿ ಗುಟ್ಟೇನೂ ಇಲ್ಲ.

ಕೊನೆಯದಾಗಿ ಒಂದು. ಮುಂದಿನ ಸಹಿಗೆ ಮುನ್ನ ಒಂದು ದಿನ ಬಿಡುವು ಮಾಡಿಕೊಂಡು ಬೆಳಗಾವಿಗೆ ಬನ್ನಿ. ಪೌಚುಗಳಿಗೆ ಮ್ಯಾಗಜೀನ್ ತುಂಬಿಸಿ, ಫಲಕ ಹಾಕಿದ ಜಾಕೆಟ್ ತೊಟ್ಟು, ನೀರು ತುಂಬಿದ ಪಿಟ್ಟು ಬೆನ್ನಿಗೇರಿಸಿ, ಮಳೆಗಾಲದ ಕೆಸರಿನಲ್ಲಿ ಐದು ಕಿಲೊಮೀಟರ್ ನಡೆಯಿರಿ. ಓಡಬೇಕಿಲ್ಲ, ಯಾರೂ ಗುಂಡು ಹಾರಿಸುವುದಿಲ್ಲ. ನಡೆದ ಮೇಲೆ ಕಡತಕ್ಕೆ ಸಹಿ ಹಾಕಿ, ಅಥವಾ ತಿದ್ದಿ ಕಳಿಸಿ. ಆದರೆ ಆ ವಾರವೇ ಕಳಿಸಿ.

ಇತಿ ನಂಬುಗೆಯ,
ಬೆಂಗಳೂರಿನ ಒಬ್ಬ ನಾಗರಿಕ